ನಮ್ಮ ಬೀದೀಲಿ ಸಗಣಿ ಓದಿದ ಮಳೆಗಾಲ

ಮೊನ್ನೆ ಶ್ರೀರಂಗಪಟ್ಟಣದಲ್ಲಿ ಕಣ್ಣು ತೋರ್ಸಕ್ಕೆ ಹೋಗಿದ್ದೆ. ಮಗಳ ಮನೆ ಬಾಬುರಾಯನಕೊಪ್ಪಲು, ಅಲ್ಲೇ ಎರಡು ದಿನ ಇದ್ದು ಬರಾನ ಅಂತ. ಆಸ್ಪತ್ರೇಲಿ ಕುರ್ಚಿ ಮೇಲೆ ಕೂತಿದ್ದೇ ತಡ, ಒಬ್ಳು ನರ್ಸಮ್ಮ ಬಂದು ನನ್ನ ಅಂಗೈಗೆ ತಣ್ಣನೆ ಸ್ಪಿರಿಟ್ಟು ಸುರಿದ್ಲು. ವಾಸ್ನೆ ಮೂಗಿಗೆ ಬಡೀತಲ್ಲ, ಗಹಗಹ ಅಂತ ನಕ್ಬುಟ್ಟೆ.

"ಯಾಕಜ್ಜಾ, ಏನಾಯ್ತು?"

"ಸಗಣಿ ವಾಸ್ನೆ ಬಂತು ಕಣವ್ವಾ."

ಪಾಪ, ಆ ಹುಡ್ಗಿ ತನ್ನ ಕೈನ ತಾನೇ ಮೂಸಿ ನೋಡ್ಕಂಡ್ಲು. ನನ್ನ ಪಕ್ಕದಲ್ಲಿ ಕೂತಿದ್ದೋರು ಒಂದು ಕುರ್ಚಿ ಆಚೆಗೆ ಸರ್ಕಂಡ್ರು. ನಾನೇನ್ ಸುಳ್ಳು ಹೇಳ್ಲಿಲ್ಲ. ಮೂರು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ ನಮ್ಮನೇಲಿ ಈ ಎರಡು ವಾಸ್ನೆ ಗಂಡ ಹೆಂಡ್ತಿ ತರ ಒಟ್ಟಿಗೇ ಇದ್ವು. ಇವತ್ತಿಗೂ ನನ್ನ ಮೂಗು ಅವೆರಡನ್ನ ಬೇರೆ ಮಾಡಾಕಿಲ್ಲ.

ನಾನು ನಿಂಗೇಗೌಡ. ಊರು ಕೆ.ಆರ್. ಪೇಟೆ ತಾಲೂಕು, ಶೀಳನೆರೆ ಪಕ್ಕ. ಸುತ್ತ ಏಳೂರಲ್ಲಿ ನಂಗಿಂತ ದೊಡ್ಡ ತರ್ಲೆ ಇದ್ರೆ ಕರ್ಕಂಡು ಬನ್ನಿ, ಕಾಲಿಗೆ ಬೀಳ್ತೀನಿ. ಬೀಗರಿಗೆ ಎರಡೂ ಎಡಗಾಲಿನ ಚಪ್ಲಿ ಹಾಕ್ಸಿ ನಾಗಮಂಗಲದ ತನಕ ನಡೆಸ್ದೋನು ನಾನು. ಮದುವೆ ಮನೇಲಿ ಅಡಿಗೆ ಭಟ್ಟರ ಮೀಸೆಗೆ ಅವರು ಮಲಗಿದ್ದಾಗ ಬೆಲ್ಲದ ಪಾಕ ಬಳ್ದು ಇರುವೆ ಮೆರವಣಿಗೆ ಮಾಡ್ಸಿದ್ದೂ ನಾನೇ. ಇವೆಲ್ಲ ಚಿಕ್ಕವು. ದೊಡ್ಡವನ್ನ ಹೇಳಕ್ಕೆ ಹೋದ್ರೆ ಪೊಲೀಸಿನೋರು ಬತ್ತಾರೆ.

ಆ ವರ್ಷ ಆಷಾಢ ಕಳೆಯೋ ಹೊತ್ಗೆ ಡೈರಿ ಸೆಕ್ರೆಟ್ರಿ ಒಬ್ಳು ಹುಡ್ಗೀನ ನಮ್ಮ ಮನೆ ಮುಂದೆ ತಂದು ನಿಲ್ಲಿಸ್ದ. ಬೆನ್ನಲ್ಲಿ ಒಂದು ಚೀಲ, ಕೈಲಿ ಐಸ್‌ಕ್ರೀಮ್ ಮಾರೋರ ಪೆಟ್ಟಿಗೆ ತರದ್ದೊಂದು ಪೆಟ್ಟಿಗೆ. ಹೆಸ್ರು ರಂಗನಾಯಕಿ. ಶ್ರೀರಂಗಪಟ್ಟಣದ ಕೋಟೆ ಒಳಗಿನ ಮನೆ, ಅಪ್ಪ ದೇವಸ್ಥಾನದಲ್ಲಿ ಪೂಜೆ ಮಾಡೋರು. ಇವ್ಳು ಓದಿದ್ದು ಬರೀ ಲೆಕ್ಕ. ಈಗ ಮೈಸೂರಲ್ಲಿ ಪಿಎಚ್‌ಡಿ ಮಾಡ್ತಾವ್ಳೆ, ಮಳೆಗಾಲ ಮುಗಿಯೋ ತನಕ ನಿಮ್ಮ ಬೀದಿ ಹಸ ನೋಡ್ಕಂಡು ಇಲ್ಲೇ ಇರ್ತಾಳೆ, ಒಂದು ರೂಮು ಕೊಡಿ ಅಂದ ಸೆಕ್ರೆಟ್ರಿ.

"ಏನ್ ಓದ್ತೀಯವ್ವಾ?" ಅಂದೆ.

"ಸಿಸ್ಟಮ್ಸ್ ಬಯಾಲಜಿ ತಾತ. ಹಸುವಿನ ಹೊಟ್ಟೇಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆಯಲ್ಲ, ಅವನ್ನ ಒಂದೊಂದಾಗಿ ಹಿಡಿದು ನೋಡೋದಲ್ಲ. ಹಸು ಏನು ತಿನ್ನುತ್ತೆ, ಒಳಗಿರೋ ಜೀವಿಗಳು ಅದನ್ನ ಏನು ಮಾಡ್ತವೆ, ಹಾಲು ಹೇಗೆ ಬದಲಾಗುತ್ತೆ, ಇದೆಲ್ಲ ಒಟ್ಟಿಗೆ ಹೇಗೆ ನಡೆಯುತ್ತೆ ಅಂತ ಲೆಕ್ಕದಲ್ಲಿ ಬರೆಯೋದು."

"ಯಾರು ಎಲ್ಲಿ ಏನ್ ತಿಂದ್ರು, ಒಳಗೊಳಗೆ ಏನ್ ನಡೀತಾ ಐತೆ, ಆಚೆಗೆ ಏನ್ ಬಂತು, ಎಲ್ಲಾನೂ ಒಟ್ಟಿಗೆ ನೋಡೋದು. ಇಷ್ಟೇ ತಾನೆ? ಇದನ್ನ ನಮ್ಮ ಬೀದಿ ಹೆಂಗಸ್ರು ಓದ್ದೇನೇ ಮಾಡ್ತಾವ್ರೆ ಬುಡು."

ನನ್ನ ಹೆಂಡ್ತಿ ಜಯಮ್ಮ ಒಳಗಿಂದ ಸೌಟು ತೋರಿಸಿದ್ಲು. ಹುಡ್ಗಿ ಮಾತ್ರ ನಗ್ತಾ ಅದನ್ನ ಪುಸ್ತಕದಲ್ಲಿ ಬರ್ಕಂಡ್ಲು. ಆಗ್ಲೇ ನಂಗೆ ಗೊತ್ತಾಯ್ತು, ಏನ್ ಹೇಳುದ್ರೂ ಬರ್ಕಳ ಹುಡ್ಗಿ ಇದು, ಈ ಮಳೆಗಾಲ ನಂಗೆ ಹಬ್ಬ ಅಂತ.

ಅವರ ಓದಿನ ಕ್ರಮಾನೇ ಒಂದು ತಮಾಷೆ. ಲೆಕ್ಕ ಓದ್ದೋರು ಒಂದು ಮಳೆಗಾಲ ಕೊಟ್ಟಿಗೇಲಿ ಇರ್ಬೇಕಂತೆ, ದನದ ಡಾಕ್ಟ್ರು ಓದ್ದೋರು ಅಷ್ಟೇ ದಿನ ಲೆಕ್ಕದ ಕ್ಲಾಸಲ್ಲಿ ಕೂರ್ಬೇಕಂತೆ. ಇಬ್ಬಿಬ್ಬರನ್ನ ಜೋಡಿ ಕಟ್ಟಿ ಬುಡ್ತಾರೆ. ಇವ್ಳ ಜೊತೆ ಜೋಡಿ ಕಟ್ಟಿದ್ದು ಇರ್ಫಾನ್ ಅಂತ, ನಾಗಮಂಗಲದ ಹುಡ್ಗ, ದನದ ಡಾಕ್ಟ್ರು. ಅವ್ನು ಮೈಸೂರಲ್ಲಿ ಇವ್ಳ ಬೆಂಚಲ್ಲಿ ಕೂತು ಅಳ್ತಿದ್ದ, ಇವ್ಳು ಇಲ್ಲಿ ಅವ್ನ ಹಸ ಹಿಡ್ಕಂಡು ಅಳ್ತಿದ್ಲು. ಸಂಜೆ ಆದ್ರೆ ಫೋನು. ಜಗಲಿ ಮೇಲೆ ಫೋನ್ ಜೋರಾಗಿ ಹಾಕ್ಕಂಡು ಇಬ್ರೂ ಮಾತಾಡೋರು, ನಾನು ಎಲೆಅಡ್ಕೆ ಹಾಕ್ಕಂಡು ಕೇಳ್ತಾ ಕೂರ್ತಿದ್ದೆ.

"ಅರೆ ರಂಗೀ, ಇಲ್ಲಿ ಮ್ಯಾಟ್ರಿಕ್ಸ್‌ನ ತಿರುಗಿಸಿ ಹಾಕು ಅಂತಾರೆ! ಹೊಟ್ಟೇಲಿ ಕರು ಅಡ್ಡ ನಿಂತ್ರೆ ಕೈ ಹಾಕಿ ತಿರುಗಿಸ್ತೀನಿ. ಇದಕ್ಕೆ ಎಲ್ಲಿ ಕೈ ಹಾಕ್ಲಿ ಹೇಳು?"

"ಅದಿರ್ಲಿ ಇರ್ಫಾನ್, ಹಸು ಬಾಲ ಎತ್ತಿದ ಮೇಲೆ ಎಷ್ಟು ಸೆಕೆಂಡಲ್ಲಿ ಪಕ್ಕಕ್ಕೆ ಸರೀಬೇಕು?"

ಮಳೆ ಅಂದ್ರೆ ಆ ಸಲದ್ದು ಮಳೆ. ಸೋನೆ ಹಿಡಿದ್ರೆ ನಾಕು ದಿನ ಬಿಡ್ತಿರ್ಲಿಲ್ಲ. ರಾಗಿ ಪೈರು ನೀರಲ್ಲಿ ನಿಂತು ಹಳದಿ ತಿರುಗ್ತು. ಕೊಟ್ಟಿಗೆ ಮುಂದೆ ಕಾಲಿಟ್ರೆ ಮೊಣಕಾಲ ತನಕ ಕೆಸ್ರು. ಹುಡ್ಗಿ ದಿನಾ ಬೆಳಗ್ಗೆ ಆರಕ್ಕೆ ಎದ್ದು ಬೀದೀಲಿರೋ ಎಂಟು ಹಸೀನ ಹಿಂದೆ ಒಂದೊಂದು ಚಿಕ್ಕ ಡಬ್ಬಿ ಹಿಡ್ಕಂಡು ನಿಲ್ಲೋಳು. ಸಗಣಿ ಒಂದು ಡಬ್ಬಿ, ಹಾಲು ಒಂದು ಡಬ್ಬಿ, ಮಧ್ಯ ಮಧ್ಯ ಕೈಗೆ ಸ್ಪಿರಿಟ್ಟು. ವಾರಕ್ಕೆ ಎರಡು ಸಲ ಆ ಪೆಟ್ಟಿಗೆ ಹೊತ್ಕಂಡು ಪಾಂಡವಪುರದ ಮೇಲೆ ಮೈಸೂರಿಗೆ ಹೋಗೋ ಬಸ್ಸು ಹತ್ತೋಳು.

"ಏನಮ್ಮಾ ಪೆಟ್ಟೀಲಿ, ಮೀನಾ?" ಅಂದ್ನಂತೆ ಕಂಡಕ್ಟ್ರು.

"ಸಗಣಿ ಸಾರ್."

ಪಾಂಡವಪುರ ಬರೋ ತನಕ ಅವ್ನು ಆ ಕಡೆ ತಿರುಗಿ ನೋಡ್ಲಿಲ್ವಂತೆ. ಟಿಕೀಟೂ ಕೇಳ್ಲಿಲ್ವಂತೆ, ಇವ್ಳೇ ಎದ್ದು ಹೋಗಿ ತಗೊಂಡ್ಲಂತೆ. ಅಷ್ಟು ಪ್ರಾಮಾಣಿಕ ಹುಡ್ಗಿ. ಇಂಥೋರು ಸಿಕ್ಕುದ್ರೆ ನನ್ನಂತೋನು ಸುಮ್ನಿರಾಕಾಯ್ತದಾ?

ಮೊದಲ್ನೇ ವಾರಾನೇ ಹೇಳ್ಬುಟ್ಟೆ, "ನೋಡವ್ವಾ, ನಮ್ಮ ಸೀಮೆ ಹಸ ಹಾಡು ಕೇಳ್ದೆ ಸಗಣಿ ಹಾಕಾಕಿಲ್ಲ." ಮಾರನೇ ದಿನ ಬೆಳಗ್ಗೆ ಅಪ್ಪ ಕಲಿಸಿದ ದೇವರನಾಮಾನ ಹಸೀನ ಬಾಲದ ಮುಂದೆ ನಿಂತು ರಾಗವಾಗಿ ಹಾಡ್ತಾವ್ಳೆ, ಬೀದಿ ಮಂದಿಯೆಲ್ಲ ಛತ್ರಿ ಹಿಡ್ಕಂಡು ನಿಂತವ್ರೆ. ಅದೇನ್ ಕರ್ಮವೋ, ಎರಡ್ನೇ ಚರಣಕ್ಕೆ ಹಸ ಬಾಲ ಎತ್ತೇಬುಡ್ತು. ಆಮೇಲೆ ನಾನು ಸುಳ್ಳು ಅಂದ್ರೂ ಅವ್ಳು ನಂಬ್ಲಿಲ್ಲ, ಒಂದು ತಿಂಗ್ಳು ಹಾಡಿದ್ಲು.

ಇನ್ನೊಂದು ಸಲ ಲೆಕ್ಕದೊಳಗೆ ಒಂದು ಕಡಸು ಸೇರಿಸ್ದೆ. ಕಡಸು ಅಂದ್ರೆ ಇನ್ನೂ ಕರು ಹಾಕದ ಹರೇದ ಹಸ, ಅದ್ರಲ್ಲಿ ಹಾಲೆಲ್ಲಿಂದ ಬರ್ಬೇಕು? ಹದಿನೈದು ದಿನ "ಒಂಬತ್ತನೇ ಹಸು, ಹಾಲು ಸೊನ್ನೆ" ಅಂತ ಬರ್ದು ಬರ್ದು, ಕಡೆಗೆ ಇರ್ಫಾನನ್ನ ಕೇಳಿದ್ಲು, ಇದಕ್ಕೆ ಏನಾದ್ರೂ ಕಾಯಿಲೆ ಇರ್ಬೋದಾ ಅಂತ. ಅವ್ನು ಫೋಟೋ ತರ್ಸಿ ನೋಡಿ, "ರಂಗೀ, ಇದಕ್ಕೆ ಕಾಯಿಲೆ ಇಲ್ಲ, ಇನ್ನೂ ಮದುವೇನೇ ಆಗಿಲ್ಲ" ಅಂದ.

ಅವ್ಳು ಸಿಟ್ಟು ಮಾಡ್ಕಳ್ಳಿಲ್ಲ ಅಂತಲ್ಲ. ಅರ್ಧ ದಿನ ಮಾತು ಬಿಡೋಳು, ಆಮೇಲೆ ಜಯಮ್ಮನ ಅಡಿಗೆ ಮನೇಲಿ ಕೂತು ನನ್ನ ಮೇಲೆ ಚಾಡಿ ಹೇಳೋಳು. ನಮ್ಮೋಳು, "ನಲವತ್ತೈದು ವರ್ಷದಿಂದ ಸಾಕ್ತಾ ಇವ್ನಿ ಕಣವ್ವ, ನಿಂಗೆ ಮೂರು ತಿಂಗ್ಳು ಕಷ್ಟನಾ?" ಅಂತ ಸಮಾಧಾನ ಮಾಡೋಳು.

ಗಣೇಶನ ಹಬ್ಬ ಕಳೀತು, ಪಕ್ಷ ಬಂತು. ನಮ್ಮ ಕಡೆ ಪಕ್ಷ ಅಂದ್ರೆ ತೀರ್ಕಂಡ ಹಿರೀಕರಿಗೆ ಎಡೆ ಇಡೋ ಹದಿನೈದು ದಿನ. ಒಂದೊಂದು ದಿನ ಒಂದೊಂದು ಮನೆ. ಆ ಹೊತ್ಗೆ ಸರ್ಯಾಗಿ ಹುಡ್ಗಿ ಮುಖ ಬಾಡೋಯ್ತು. ಕಂಪ್ಯೂಟರ್ ತೋರಿಸಿದ್ಲು. ಅದ್ರಲ್ಲಿ ಎರಡು ಗೆರೆ. ಕೆಂಪು ಗೆರೆ ಅವ್ಳ ಲೆಕ್ಕ ಹೇಳೋದು, ಇಂತಾ ಮೇವು ತಿಂದ್ರೆ ಹೊಟ್ಟೆ ಇಂಗಿರ್ಬೇಕು, ಹಾಲು ಇಂಗಿರ್ಬೇಕು ಅಂತ. ನೀಲಿ ಗೆರೆ ಡಬ್ಬೀಲಿ ನಿಜವಾಗ್ಲೂ ಸಿಕ್ಕಿದ್ದು. ಶ್ರಾವಣದ ತನಕ ಎರಡೂ ಸ್ವಲ್ಪ ಹಿಂದೆ ಮುಂದೆ ಆದ್ರೂ ಜೊತೇಲೇ ನಡ್ಕಂಡು ಬಂದವೆ. ಈಗ ನೀಲಿಗೆ ಹುಚ್ಚು ಹಿಡ್ದಂಗೆ ಒಂದಿನ ಮೇಲಕ್ಕೆ ಎಗರ್ತದೆ, ಇನ್ನೊಂದಿನ ಬೀಳ್ತದೆ. ಎಂಟು ಹಸೀಲೂ ಇದೇ ಕತೆ. ನಮ್ಮನೆ ಹಸ ಗೌರಿ ಅಂತೂ ಎಲ್ಲರಿಗಿಂತ ಮೇಲೆ ಎಗರಿದ್ಲು.

ಅವ್ಳ ಗೈಡ್ ಮೇಡಮ್ಮು ಫೋನಲ್ಲೇ ಹೇಳ್ಬುಟ್ರು. "ಯಾರೋ ನಿನ್ನ ಸ್ಯಾಂಪಲ್ ಜೊತೆ ಆಟ ಆಡ್ತಿದ್ದಾರೆ. ಇನ್ನು ಹದಿನೆಂಟು ದಿನಕ್ಕೆ ಕಮಿಟಿ ಮುಂದೆ ನಿಲ್ಲಬೇಕು. ಎಗರಿರೋದಕ್ಕೆ ಕಾರಣ ಹೇಳೋಕಾಗ್ದಿದ್ರೆ ಪಿಎಚ್‌ಡಿ ಮುಂದುವರಿಸೋಕೆ ಬಿಡಲ್ಲ. ಎಂ.ಎಸ್ಸಿ. ಕೊಟ್ಟು ಕಳಿಸ್ತಾರೆ."

ಯಾರೋ ಆಟ ಆಡ್ತಾವ್ರೆ ಅಂದಿದ್ದೇ ಸಾಕಾಯ್ತು. ಡೈರಿ ಸೆಕ್ರೆಟ್ರಿ ನನ್ನ ನೋಡ್ದ. ಬೀದಿ ನನ್ನ ನೋಡ್ತು. ಹೆಂಡ್ತಿ ನನ್ನ ನೋಡಿದ್ಲು. ಗೌರೀನೂ ಮೆಲುಕು ನಿಲ್ಸಿ ನನ್ನೇ ನೋಡ್ದಂಗಾಯ್ತು.

"ದೇವರಾಣೆ ನಾನಲ್ಲ!" ಅಂದೆ.

"ಆಣೆ ಬೇರೆ!" ಅಂದ್ಲು ಜಯಮ್ಮ. "ಆ ಮಗೀನ ಓದಿಗೆ ಮಣ್ಣು ಹಾಕ್ಬುಟ್ಯಲ್ಲಾ."

ನಗ್ಬೇಡಿ. ಎಪ್ಪತ್ತು ವರ್ಷದಲ್ಲಿ ಮೊದಲ್ನೇ ಸಲ ನಾನು ಏನೂ ಮಾಡಿರ್ಲಿಲ್ಲ, ಒಬ್ರೂ ನಂಬ್ಲಿಲ್ಲ. ಮಾಡಿ ಬೈಸ್ಕಳದು ನಂಗೆ ಅಭ್ಯಾಸ, ಮಾಡ್ದೇ ಬೈಸ್ಕಳದು ಗೊತ್ತಿರ್ಲಿಲ್ಲ. ಅನ್ನ ಇಳೀಲಿಲ್ಲ. ಅದಕ್ಕಿಂತ, ಹುಡ್ಗಿ ಜಗಲಿ ಮೂಲೇಲಿ ಕೂತು ಸದ್ದಿಲ್ದೆ ಕಣ್ಣು ಒರೆಸ್ಕತಿದ್ಲಲ್ಲ, ಅದನ್ನ ನೋಡಾಕಾಗ್ಲಿಲ್ಲ.

ಸಂಜೆ ಅವ್ಳೇ ಬಂದು ಪುಸ್ತಕ ಪೆನ್ನು ಮುಂದೆ ಇಟ್ಲು.

"ತಾತ, ಬೈಯಲ್ಲ. ಬಂದಾಗಿನಿಂದ ನೀವು ನಂಗೆ, ಹಸುಗಳಿಗೆ ಮಾಡಿರೋ ತರ್ಲೆ ಎಲ್ಲ ಹೇಳಿ. ದಿನ ಸಮೇತ. ಒಂದೂ ಬಿಡಬೇಡಿ. ಆ ದಿನಗಳನ್ನೆಲ್ಲ ಲೆಕ್ಕದಿಂದ ಕಳೆದು ನೋಡ್ತೀನಿ."

ಇಂಥಾ ಅವಕಾಶ ಯಾರಿಗೆ ಸಿಕ್ತದೆ ಹೇಳಿ? ಮೊದಲು ತಲೆ ತಗ್ಸಿ ಶುರು ಮಾಡ್ದೆ, ಹತ್ತನೇದಕ್ಕೆ ಬರೋ ಹೊತ್ಗೆ ಮೀಸೆ ತಿರುವ್ತಿದ್ದೆ. ಎರಡು ಹಸೀನ ಕೊರಳ ಪಟ್ಟಿ ಅದಲು ಬದಲು ಮಾಡಿದ್ದು, ಡಬ್ಬಿ ಮೇಲಿನ ಚೀಟಿ ತಲೆಕೆಳ್ಗೆ ಅಂಟಿಸಿದ್ದು, ಒಂದು ಡಬ್ಬೀಗೆ ಎಮ್ಮೆ ಸಗಣಿ ತುಂಬಿದ್ದು. ಇಪ್ಪತ್ಮೂರು ಆಯ್ತು. ಬರ್ದು ಬರ್ದು ಅವ್ಳ ಕೈ ನೋವು ಬಂತು. "ಎಮ್ಮೆದೂ ನೀವೇನಾ! ನಾನು ಹೊಸ ಜೀವಿ ಸಿಕ್ತು ಅಂತ ಒಂದು ವಾರ ಕುಣಿದಾಡಿದ್ದೆ!" ಅಂದ್ಲು. ಅಳ್ತಾನೇ ನಕ್ಳು.

ಎಲ್ಲಾ ಕಳೆದ್ಲು. ಶ್ರಾವಣದ್ದು, ಭಾದ್ರಪದದ ಮೊದಲ್ನೆ ಹದಿನೈದು ದಿನದ್ದು, ಎರಡು ಗೆರೇನೂ ಒಂದ್ರ ಮೇಲೊಂದು ಮಲಗಿದಂಗೆ ಕೂತ್ಕಂಡ್ವು. ಪಕ್ಷದ ಎಗರಾಟ ಮಾತ್ರ ಅಂಗೇ ಇತ್ತು.

"ತಾತ, ಇದು ನೀವಲ್ಲ" ಅಂದ್ಲು.

ಖುಷಿ ಆಯ್ತು. ಅದ್ರ ಹಿಂದೇನೆ ಹೊಟ್ಟೆ ಉರಿ. ನಮ್ಮ ಬೀದೀಲಿ ನಂಗಿಂತ ದೊಡ್ಡ ತರ್ಲೆ ಅದ್ಯಾವನಪ್ಪಾ?

ಹಿಡಿಯಾನ ಅಂತ ಮಾರನೇ ದಿನ ಹುಲ್ಲು ಮೆದೆ ಹಿಂದೆ ಛತ್ರಿ ಹಿಡ್ಕಂಡು ಇಬ್ರೂ ಅವಿತ್ಕಂಡು ಕೂತೋ. ಹಾಲು ಕರೆದಾಯ್ತು, ಡಬ್ಬಿ ತುಂಬಿದ್ದಾಯ್ತು, ಎಂಟಾಯ್ತು, ಒಂಬತ್ತಾಯ್ತು. ಈ ಹೊತ್ಗೆ ಹುಡ್ಗಿ ದಿನಾ ರೂಮಲ್ಲಿ ಕಂಪ್ಯೂಟರ್ ಮುಂದೆ ಇರೋಳು. ಅಡಿಗೆ ಮುಗಿಸ್ಕಂಡು ಜಯಮ್ಮ ಬಂದ್ಲು, ಒಂದು ಬಕೆಟ್ ತಂದು ಕೊಟ್ಟಿಗೆ ಬಾನಿಗೆ ಸುರಿದ್ಲು. ಗೌರಿ ಮೂತಿ ಇಟ್ಟು ಸೊರಸೊರ ಹೀರ್ತು.

ಹುಡ್ಗಿ ಮೆದೆ ಹಿಂದಿಂದ ನೆಗೆದೇಬುಟ್ಲು. "ಅಜ್ಜೀ, ಅದೇನು?"

"ಅಯ್ಯೋ ನಿನ್ನ! ಎದೆ ಒಡ್ದೋಯ್ತು. ಇನ್ನೇನು, ನೀರು."

"ನೀರು ಯಾಕೆ ಬೆಳ್ಳಗಿದೆ?"

"ಕಲಗಚ್ಚು ಕಣವ್ವ. ಅಕ್ಕಿ ತೊಳೆದಿದ್ದು, ಅನ್ನ ಬಸಿದ ಗಂಜಿ, ತರ್ಕಾರಿ ಸಿಪ್ಪೆ, ಮಿಕ್ಕಿದ್ದು ಪಕ್ಕಿದ್ದು."

"ಹಸುಗೆ ಏನೇನು ಹಾಕ್ತೀರಿ ಅಂತ ಎರಡು ತಿಂಗಳಿಂದ ದಿನಾ ಕೇಳಿ ಬರ್ಕೊಳ್ತಿದ್ದೀನಲ್ಲ ಅಜ್ಜಿ! ಇದನ್ನ ಯಾಕೆ ಹೇಳ್ಲಿಲ್ಲ?"

"ನೀನು ಮೇವು ಕೇಳ್ದೆ. ಹುಲ್ಲು, ಬೂಸ, ಹಿಂಡಿ ಅಂತ ಹೇಳ್ದೆ. ಕಲಗಚ್ಚೂ ಒಂದು ಮೇವಾ? ಅದನ್ನೂ ಯಾರಾದ್ರೂ ಹೇಳ್ತಾರಾ?"

ಅಷ್ಟ್ರಲ್ಲಿ ಎದುರುಮನೆಯೋಳು ಒಂದು ತಪ್ಪಲೆ ತಂದು ಸುರಿದ್ಲು. ಮೂಲೆಮನೆಯೋಳು ಇನ್ನೊಂದು ತಂದ್ಲು. ಹಸ ಇಲ್ಲದ ಮನೆಯೋರು ತಮಗೆ ಬೇಕಾದೋರ ಬಾನಿಗೆ ಕಲಗಚ್ಚು ಸುರಿಯೋದು ನಮ್ಮಲ್ಲಿ ಲಾಗಾಯ್ತಿಂದ ಬಂದಿದ್ದು. ಅದ್ರಲ್ಲೂ ಪಕ್ಷ ಮಾಡೋ ಮನೇಲಿ ನೆಂಟ್ರಿಷ್ಟ್ರಿಗೆಲ್ಲ ಹಂಡೆ ಹಂಡೆ ಅನ್ನ ಬಸೀತಾರಲ್ಲ, ಆ ದಿನ ಗಂಜಿ ಹೊಳೆ ಹರೀತದೆ. ಆ ಗಂಜಿ ಕುಡಿದ ಹಸೀನ ಹೊಟ್ಟೇಲಿ ಅವ್ಳ ಸೂಕ್ಷ್ಮಜೀವಿಗಳೂ ಪಕ್ಷ ಮಾಡ್ತಿದ್ವು ಅನ್ನಿ.

ಹುಡ್ಗಿ ಕುಣಿದ್ಲು. ಇರ್ಫಾನಿಗೆ ಫೋನ್ ಮಾಡಿದ್ಲು. "ನಾನು ಹಸೂನ ಸಿಸ್ಟಮ್ ಅಂದ್ಕೊಂಡಿದ್ದೆ ಇರ್ಫಾನ್. ಸಿಸ್ಟಮ್ ಬೀದಿ ಕಣೋ!" ಅವ್ನು, "ನಮ್ಮನೇಲಿ ಬಿರಿಯಾನಿ ಅಕ್ಕಿ ಬಸಿದ ನೀರನ್ನ ಅಮ್ಮಿ ಪಕ್ಕದ ಮನೆ ಎಮ್ಮೆಗೆ ಕೊಡ್ತಾರೆ. ಡಾಕ್ಟ್ರು ಓದಿ ನಂಗೂ ಹೊಳೀಲಿಲ್ವಲ್ಲ, ಥೂ ನನ್ನ!" ಅಂತ ಹಲುಬ್ದ.

ನಾಕು ದಿನ ಮನೆ ಮನೆ ಸುತ್ತಿದ್ಲು. ಯಾರ ಪಕ್ಷ ಯಾವತ್ತು, ಗಂಜಿ ಎಷ್ಟು, ಯಾರ ಬಾನಿಗೆ ಸುರಿದ್ರಿ. ನಾನೇ ಮುಂದೆ ನಿಂತು ಬಾಗ್ಲು ತಟ್ಟಿಸ್ದೆ. ಒಂದೊಂದು ಮನೆ ಸೇರಿಸ್ದಂಗೂ ಕೆಂಪು ಗೆರೆ ನೀಲೀನ ಹಿಡ್ಕಂಡು ಬಂತು. ಉಳಿದಿದ್ದು ಒಂದೇ. ಗೌರಿ ಎಲ್ಲಕ್ಕಿಂತ ಮೇಲೆ ಎಗರಿದ ದಿನ, ನಮ್ಮ ಬಾನಿಗೆ ಸುರಿಯೋ ಯಾವ ಮನೇಲೂ ಪಕ್ಷ ಇರ್ಲಿಲ್ಲ. ಆವತ್ತು ಪಕ್ಷ ಇದ್ದಿದ್ದು ಪಕ್ಕದ ಮನೆ ಪುಟ್ಟಮ್ಮಂದು ಒಂದೇ.

"ಅವ್ಳ ಬಾನಿಗಾ?" ಅಂದ್ಲು ಪುಟ್ಟಮ್ಮ. "ಚರಂಡಿಗೆ ಬೇಕಾದ್ರೆ ಸುರಿದೇನು!"

"ಅವ್ಳ ಕಲಗಚ್ಚು ನಮ್ಮ ಗೌರಿ ಮೂಸಾಕೂ ಇಲ್ಲ!" ಅಂದ್ಲು ಗೋಡೆ ಈ ಕಡೆಯಿಂದ ಜಯಮ್ಮ.

ಕಮಿಟಿಗೆ ಇನ್ನು ಮೂರು ದಿನ. ಮೇಡಮ್ಮು, ದೊಡ್ಡ ಎಗರಾಟಕ್ಕೇ ಕಾರಣ ಇಲ್ಲ ಅಂದ್ರೆ ಮಿಕ್ಕಿದ್ದೆಲ್ಲ ಕಾಕತಾಳೀಯ ಅಂತಾರೆ ಅಂದ್ರಂತೆ. ಹುಡ್ಗಿ ಬಟ್ಟೆ ಮಡಿಸಿ ಚೀಲಕ್ಕೆ ಹಾಕಕ್ಕೆ ಶುರು ಮಾಡಿದ್ಲು. ನಾನು ಬಾಯಲ್ಲಿದ್ದ ಎಲೆಅಡ್ಕೆ ಉಗಿದ್ಬುಟ್ಟೆ. ಯಾಕಂದ್ರೆ ಆ ಇಬ್ರು ಹೆಂಗಸ್ರು ಆರು ವರ್ಷದಿಂದ ಮಾತು ಬಿಟ್ಟಿದ್ದು ಯಾಕೆ ಅಂತ ಗೊತ್ತಿದ್ದೋನು ಭೂಮಿ ಮೇಲೆ ಒಬ್ನೇ.

ಇಪ್ಪತ್ಮೂರರ ಪಟ್ಟೀಲಿ ಅದನ್ನ ಹೇಳಿರ್ಲಿಲ್ಲ. ಹುಡ್ಗಿ ಬರೋಕೆ ಮುಂಚೆ ಆಗಿದ್ದು ಅಂತ ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳ್ಕಂಡಿದ್ದೆ.

ಎದ್ದೆ. ಸೋನೆ ಮಳೇಲೇ ಪುಟ್ಟಮ್ಮನ ಬಾಗ್ಲಿಗೆ ಹೋಗಿ ನಿಂತು ಜಯಮ್ಮನ್ನೂ ಕೂಗ್ದೆ. ಒಬ್ಳು ಹೊಸ್ಲಾಚೆ, ಒಬ್ಳು ಬೀದೀಲಿ, ಮಧ್ಯ ನಾನು ನೆನೀತಾ.

"ಪುಟ್ಟಮ್ಮ, ನಿನ್ನ ಮುದ್ದೇಲಿ ಗಂಟೈತೆ ಅಂತ ಇವ್ಳು ಅಂದ್ಲು ಅಂತ ಹೇಳಿದ್ನಲ್ಲ, ಇವ್ಳು ಅಂದಿರ್ಲಿಲ್ಲ. ಜಯಾ, ನಿನ್ನ ಸಾರು ಪಾತ್ರೆ ತೊಳೆದ ನೀರು ಅಂತ ಅವ್ಳು ಅಂದ್ಲು ಅಂತ ಹೇಳಿದ್ನಲ್ಲ, ಅವ್ಳೂ ಅಂದಿರ್ಲಿಲ್ಲ. ಎರಡೂ ನಾನೇ. ಮದುವೆ ಮನೇಲಿ ಹೊತ್ತು ಹೋಗ್ಲಿ ಅಂತ ತಮಾಷೆಗೆ ಅಂದೆ. ಒಂದಿನದಲ್ಲಿ ಸರಿಹೋಯ್ತದೆ ಅಂದ್ಕಂಡಿದ್ದೆ."

ಸೂರಿನ ನೀರು ನನ್ನ ನೆತ್ತಿ ಮೇಲೇ ಬೀಳ್ತಿತ್ತು, ಸರಿಯಾಕೂ ಧೈರ್ಯ ಬರ್ಲಿಲ್ಲ.

"ಆರು ವರ್ಷ" ಅಂದ್ಲು ಜಯಮ್ಮ.

"ಭಾವಾ," ಅಂದ್ಲು ಪುಟ್ಟಮ್ಮ, "ನೀನು ದೊಡ್ಡೋನಲ್ದೆ ಇದ್ದಿದ್ರೆ ಈ ಒನಕೆ ಇತ್ತು." ಆಮೇಲೆ ಹುಡ್ಗಿ ಕಡೆ ತಿರುಗಿದ್ಲು. ದನಿ ಇಳೀತು. "ಬರ್ಕೊ ಮಗಾ. ಪಕ್ಷದ ದಿನ ಎರಡು ಹಂಡೆ ಅನ್ನ ಬಸಿದಿದ್ದೆ. ಪೂರ್ತಿ ಗಂಜಿ ಹಿತ್ಲು ಗೋಡೆ ಮೇಲಿಂದ ಗೌರಿ ಬಾನಿಗೇ ಸುರಿದಿದ್ದು. ಆವತ್ತು ಒಂದಿನ ಅಲ್ಲ, ಆರು ವರ್ಷದಿಂದ್ಲೂ ಸುರೀತಾನೇ ಇವ್ನಿ. ಜಗಳ ಅವ್ಳಿಗೂ ನಂಗೂ. ಹಸ ಏನ್ ಮಾಡಿತ್ತು?"

ಜಯಮ್ಮ ಸೆರಗಲ್ಲಿ ಮೂಗು ಒರೆಸ್ಕಂಡ್ಲು. "ನಂಗೊತ್ತಿತ್ತು. ಅಷ್ಟು ಗಟ್ಟಿ ಗಂಜಿ ಈ ಬೀದೀಲಿ ಇನ್ಯಾರು ಬಸೀತಾರೆ?"

ಹುಡ್ಗಿ ಜಗಲಿ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡು ಹಂಡೆ ಅಂದ್ರೆ ಎಷ್ಟು ಸೇರಕ್ಕಿ ಅಂತ ಕೇಳ್ತಾ ಬರ್ಕತಾ ಇದ್ಲು. ಅದನ್ನ ಸೇರಿಸಿದ್ದೇ ತಡ, ಕೆಂಪು ಗೆರೆ ಗೌರಿ ಜೊತೇಲೇ ಎಗರ್ತು, ಜೊತೇಲೇ ಇಳೀತು.

ಕಮಿಟಿ ದಿನ ಜೋಡಿ ಎತ್ತು ಎರಡೂ ಒಟ್ಟಿಗೆ ನಿಂತ್ವಂತೆ. ಲೆಕ್ಕದ ಪ್ರಶ್ನೆ ಬಂದ್ರೆ ಇರ್ಫಾನ್ ಉತ್ತರ ಕೊಟ್ನಂತೆ, ಸಗಣಿ ಪ್ರಶ್ನೆ ಬಂದ್ರೆ ರಂಗನಾಯಕಿ. ದೊಡ್ಡ ದೊಡ್ಡೋರೆಲ್ಲ ಎದ್ದು ನಿಂತು ಬೋರ್ಡ್ ಹತ್ರ ಬಂದು ನೋಡಿದ್ರಂತೆ. ಒಬ್ರು ಕನ್ನಡಕ ಸರಿ ಮಾಡ್ಕಂಡು, "ಈ ಪುಟ್ಟಮ್ಮ ಅನ್ನೋರ ಹೇಳಿಕೇನ ಎಷ್ಟು ನಂಬಬಹುದು?" ಅಂದ್ರಂತೆ. "ಸಾರ್, ಮಾತು ಬಿಟ್ಟ ಮನೆಗೂ ಆರು ವರ್ಷ ಒಂದು ದಿನ ತಪ್ಪಿಸ್ದೆ ಸುರಿದಿದ್ದಾರೆ" ಅಂದ್ಲಂತೆ ಇವ್ಳು. ಪಾಸು. ಪಿಎಚ್‌ಡಿ ಮುಂದುವರಿಸು ಅಂದ್ರು.

ಆ ವಾರಾನೇ ಇಬ್ರೂ ನಮ್ಮೂರಿಗೆ ಬಂದ್ರು. ಇರ್ಫಾನ್ ಕೊಟ್ಟಿಗೆಗೆ ಹೋದೋನು ಗೌರಿ ಕೊರಳು ತಬ್ಕಂಡು ಅರ್ಧ ಗಂಟೆ ಆಚೆಗೇ ಬರ್ಲಿಲ್ಲ. ರಂಗನಾಯಕಿ ಜಗಲಿ ಮೇಲೆ ಚಾಪೆಯಷ್ಟು ದೊಡ್ಡ ಹಾಳೆ ಹಾಸಿದ್ಲು. ತುಂಬಾ ಚುಕ್ಕಿ, ಚುಕ್ಕಿಯಿಂದ ಚುಕ್ಕೀಗೆ ಗೆರೆ. ಮನೆಗಳು, ಬಾನಿಗಳು, ಹಸಗಳು, ಹೊಟ್ಟೆಯೊಳಗಿನ ಜೀವಿಗಳು, ಹಾಲು. ಜಯಮ್ಮನೂ ಪುಟ್ಟಮ್ಮನೂ ಭುಜಕ್ಕೆ ಭುಜ ತಾಗಿಸ್ಕಂಡು ಬಗ್ಗಿದ್ರು.

"ಇದು ನಾನೇನವ್ವಾ?"

"ಹೂಂ ಅಜ್ಜಿ. ಈ ದಪ್ಪ ಗೆರೆ ಇದ್ಯಲ್ಲ, ಅದು ಪುಟ್ಟಮ್ಮಜ್ಜಿಯಿಂದ ನಿಮ್ಮನೆಗೆ. ಇಡೀ ಬೀದೀಲಿ ಇದೇ ದಪ್ಪ."

ನಾನೂ ಕನ್ನಡಕ ಏರಿಸ್ಕಂಡು ಹುಡುಕ್ದೆ. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ. ಡೈರಿ ಇತ್ತು, ಬೂಸದ ಅಂಗಡಿ ಇತ್ತು, ಕಡೆಗೆ ಮೂಲೆಮನೆಯೋಳ ಮುರುಕು ತಪ್ಪಲೆಗೂ ಒಂದು ಚುಕ್ಕಿ ಇತ್ತು.

"ನಾನೆಲ್ಲವ್ವಾ ಇವ್ನಿ?"

"ನೀವು ಇಲ್ಲ ತಾತ" ಅಂದ್ಲು, ಒಂಚೂರೂ ನಗ್ದೆ. "ನಿಮ್ಮನ್ನ ಕಳೆದ ಮೇಲೇ ಲೆಕ್ಕ ಸರಿಬಂದಿದ್ದು."

"ಕಳೀಬೇಕಾದ್ರೂ ಮೊದಲು ನಾನು ಇರ್ಬೇಕಲ್ಲವ್ವಾ!" ಅಂದೆ. ಯಾರೂ ಕಿವಿಗೆ ಹಾಕ್ಕಳ್ಳಿಲ್ಲ. ಆ ಇಬ್ರು ಹೆಂಗಸ್ರು ಹಾಳೆ ಮೇಲೆ ಬೆರಳಿಟ್ಟು, ಬೀದೀಲಿ ಯಾರ್ ಯಾರ ಮನೆ ಗಂಜಿ ಎಷ್ಟೆಷ್ಟು ನೀರು ಅಂತ ಆರು ವರ್ಷದ ಮಾತನ್ನ ಆಡಕ್ಕೆ ಶುರು ಮಾಡಿದ್ರು.